ಮೇಜಿನ ಮೇಲೆ ಸರಿಯಾಗಿ ಕೂತ ತುಂಡುಗಳು

ಮೊದಲ ಸಲ ಡೊಂಕು ಹೊಲಿಗೆಯ ಕ್ವಿಲ್ಟ್‌ಗೆ, ಅಂದರೆ ಬಟ್ಟೆ ತುಂಡು ಜೋಡಿಸಿ ಹೊಲಿಯುವ ಹೊದಿಕೆಗೆ, ಕೈ ಹಾಕಿದಾಗ, ಕತ್ತರಿಸಿದ ಎರಡು ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿ ನೋಡಿದೆ. ಎಷ್ಟು ಚೆನ್ನಾಗಿ ಕೂತವು ಅಂದ್ರೆ ನಡುವೆ ಒಂದು ಎಳೆ ದಾರಕ್ಕೂ ಜಾಗ ಇರಲಿಲ್ಲ. ಖುಷಿಯಲ್ಲಿ 16 ಜೊತೆ ಕತ್ತರಿಸಿಬಿಟ್ಟೆ. ಹೊಲಿಯಲು ಕೂತರೆ ಒಂದೂ ಸೇರಲಿಲ್ಲ. ಅಷ್ಟು ಚೆನ್ನಾಗಿ ಕೂತಿದ್ದೇ ತಪ್ಪಿನ ಗುರುತು ಅಂತ ಆಮೇಲೆ ಗೊತ್ತಾಯಿತು.

ನಾನು ಹತ್ತಾರು ವರ್ಷ ಬ್ಲೌಸ್ ಹೊಲಿದವಳು. ತೋಳು ಕೂರಿಸುವುದು, ಪ್ರಿನ್ಸೆಸ್ ಕಟ್, ಎಲ್ಲ ಡೊಂಕೂ ಕೈಗೆ ರೂಢಿ. ಅದಕ್ಕೇ ಡ್ರಂಕರ್ಡ್ಸ್ ಪಾತ್ ಅನ್ನುವ ಅಮೆರಿಕದ ಹಳೇ ವಿನ್ಯಾಸ ಸುಲಭ ಅಂದುಕೊಂಡೆ. ಹೆಸರಿನ ಅರ್ಥ ಕುಡುಕನ ದಾರಿ. ಒಂದೇ ಥರದ ಚೌಕಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಜೋಡಿಸಿದರೆ ತೂರಾಡುವ ದಾರಿಯೊಂದು ಮೂಡುತ್ತದೆ. ಪ್ರತಿ ಚೌಕದಲ್ಲೂ ಎರಡೇ ತುಂಡು. ಒಂದು, ನಾಲ್ಕಾಗಿ ಮಡಿಸಿದ ನೀರುದೋಸೆಯ ಆಕಾರದ್ದು. ಅದನ್ನು ಹೋಳು ಅನ್ನೋಣ. ಇನ್ನೊಂದು, ಆ ಹೋಳು ತೆಗೆದ ಮೇಲೆ ಚೌಕದಲ್ಲಿ ಉಳಿಯುವ ಭಾಗ. ಅದು ಚೌಕಟ್ಟು.

ನನ್ನ ಹತ್ತಿರ ಇದ್ದ ಚಿತ್ರದಲ್ಲಿ ಹೊಲಿಗೆಗೆ ಬಟ್ಟೆ ಬಿಟ್ಟಿರಲಿಲ್ಲ. ಚೌಕ ಹೊಲಿದ ಮೇಲೆ 6 ಇಂಚು, ಹೋಳಿನ ತ್ರಿಜ್ಯ 4 ಇಂಚು. ಸುತ್ತ ಕಾಲು ಇಂಚು ಬಿಟ್ಟರೆ ಚೌಕ 6½ ಆಗಬೇಕು. ನಾನು ಮಾಡಿದ ಬುದ್ಧಿವಂತಿಕೆ ಏನು ಗೊತ್ತಾ? ಜೆರಾಕ್ಸ್ ಅಂಗಡಿಗೆ ಹೋಗಿ 108 ಪರ್ಸೆಂಟ್ ದೊಡ್ಡದು ಮಾಡಿಸಿಕೊಂಡು ಬಂದೆ.

ಜೆರಾಕ್ಸ್ ಯಂತ್ರಕ್ಕೆ ಹೊಲಿಗೆ ಗೊತ್ತಿಲ್ಲ. ಅದು ಎಲ್ಲವನ್ನೂ ಒಂದೇ ಸಮ ಹಿಗ್ಗಿಸುತ್ತದೆ. ಹೋಳಿನ ಡೊಂಕು ಹಿಗ್ಗಬೇಕು, ಸರಿ. ಆದರೆ ಚೌಕಟ್ಟಿನ ಡೊಂಕು ಕುಗ್ಗಬೇಕು! ಅಲ್ಲಿ ಬಟ್ಟೆ ಬಿಡುವುದು ಅಂದರೆ ಖಾಲಿ ಜಾಗದ ಒಳಕ್ಕೆ ಬಿಡುವುದು. ಆ ಜೆರಾಕ್ಸ್ ನೋಡಿ ಮಾಡಿದ ನನ್ನ ಅಚ್ಚಿನಲ್ಲಿ ಅದೂ ಹಿಗ್ಗಿತ್ತು. ಹಾಗಾಗಿ ಎರಡೂ ತುಂಡು ಮೇಜಿನ ಮೇಲೆ ಚಂದ ಕೂತವು, ಹೊಲಿಯುವಾಗ ಹೋಳು ಮುಕ್ಕಾಲು ಇಂಚು ಗಿಡ್ಡ ಬಿತ್ತು.

ಧಾರವಾಡದ ಕಡೆಯವರಾದ ನಮ್ಮ ಅತ್ತೆ ಆ ತುಂಡುಗಳನ್ನೆಲ್ಲ ತಮ್ಮ ಕೌದಿಗೆ ಎತ್ತಿಕೊಂಡರು. ಹಳೇ ಸೀರೆಯ ಮೇಲೆ ತುಂಡು ಇಟ್ಟು, ಅಂಚನ್ನು ಬೆರಳಲ್ಲೇ ಒಳಗೆ ಮಡಚಿ, ಉದ್ದಕ್ಕೆ ಹೊಲಿಗೆ ಹಾಕುತ್ತಾ ಹೋದರು. ಅಚ್ಚೂ ಇಲ್ಲ, ಅಳತೆಯೂ ಇಲ್ಲ. ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಹೇಳಲಾರೆ.

ಎರಡನೇ ಸಲ ಕೈವಾರ ಹಿಡಿದೆ. ಆಗಲೂ ಒಂದು ಎಡವಟ್ಟು ಆಯಿತು. ಹೋಳಿನ ನೇರ ಬದಿ 4 ಇಂಚಿಗೆ ಎರಡೂ ತುದಿಯ ಕಾಲು ಕಾಲು ಇಂಚು ಸೇರಿದರೆ 4½ ಅಲ್ವಾ? ಬಟ್ಟೆ ಬಿಟ್ಟ ಮೇಲೆ ಬಂದ ಹೊಸ ಮೂಲೆಯಲ್ಲೇ ಕೈವಾರದ ಮುಳ್ಳು ಊರಿ 4½ಕ್ಕೆ ಗೆರೆ ಎಳೆದೆ. ಎರಡು ತುದಿಯಲ್ಲಿ ಸರಿಯಾಗಿಯೇ ಬಂತು. ಡೊಂಕಿನ ನಡುವೆ ಮಾತ್ರ ಕಾಲು ಇಂಚಿನ ಬದಲು ಅರೆಕಾಲು ಇಂಚಿಗಿಂತ ಒಂದು ಕೂದಲು ಜಾಸ್ತಿ ಉಳಿದಿತ್ತು. ಮೂಲೆ ಹೊರಗೆ ಸರಿದಿದೆ, ಆದರೆ ಡೊಂಕಿನ ಕೇಂದ್ರ ಸರಿಯುವುದಿಲ್ಲ. ಇದು ತಲೆಗೆ ಹೋಗಲು ನನಗೆ ಒಂದು ಇಡೀ ಸಂಜೆ ಬೇಕಾಯಿತು.

ಈಗ ಮಾಡುವುದು ಹೀಗೆ. ಕಾಗದದ ಮೇಲೆ ಮೊದಲು ಹೊಲಿಗೆ ಗೆರೆ ಮಾತ್ರ: 6 ಇಂಚಿನ ಚೌಕ, ಅದರ ಒಂದು ಮೂಲೆಯಲ್ಲಿ ಮುಳ್ಳು ಊರಿ 4 ಇಂಚಿನ ಡೊಂಕು. ಮುಳ್ಳು ಕೀಳದೆ ಇನ್ನೆರಡು ಡೊಂಕು ಎಳೆಯುತ್ತೇನೆ, 4¼ ಮತ್ತು 3¾. ಆಮೇಲೆ ಸ್ಕೇಲ್ ಇಟ್ಟು ಚೌಕದ ನಾಲ್ಕೂ ಬದಿಗೆ ಕಾಲು ಇಂಚು ಹೊರಗೆ ನೇರ ಗೆರೆ. ಡೊಂಕುಗಳನ್ನು ಆ ಹೊರಗೆರೆ ಮುಟ್ಟುವವರೆಗೂ ಎಳೆಯಬೇಕು, ಚೌಕದ ಅಂಚಿಗೇ ನಿಲ್ಲಿಸಿದರೆ ತುದಿ ಮೊಂಡಾಗುತ್ತದೆ. ದೊಡ್ಡ ಡೊಂಕು ಹೋಳಿನದು, ಸಣ್ಣದು ಚೌಕಟ್ಟಿನದು. ಚೌಕಟ್ಟಿನ ಎರಡು ಕಿರಿದಾದ ತುದಿ ಅಳೆದರೆ ಒಂದೊಂದೂ 2½ ಇಂಚು ಬರಬೇಕು. ಬಂದಿಲ್ಲ ಅಂದ್ರೆ ಎಲ್ಲೋ ತಪ್ಪಿದೆ.

ಒಂದೇ ಕಾಗದದಲ್ಲಿ ಎರಡೂ ತುಂಡು ಅರ್ಧ ಇಂಚು ಒಂದರ ಮೇಲೊಂದು ಬರುವುದರಿಂದ ಕಾಗದವನ್ನೇ ಕತ್ತರಿಸಲು ಆಗುವುದಿಲ್ಲ. ಅದಕ್ಕೆ ಹಳೇ ಎಕ್ಸ್‌ರೇ ಫಿಲ್ಮ್ ಬಳಸುತ್ತೇನೆ. ಬ್ಲೀಚ್ ಹಾಕಿದ ನೀರಲ್ಲಿ ನೆನೆಸಿ ಉಜ್ಜಿದರೆ ಕಪ್ಪು ಬಿಟ್ಟು ತಿಳಿನೀಲಿ ಹಾಳೆ ಉಳಿಯುತ್ತದೆ. ಕೈಗೆ ಗ್ಲೌಸ್ ಇರಲಿ. ಕೆಳಗಿನ ಗೆರೆ ಕಾಣುತ್ತದೆ, ಹೊಲಿಗೆ ಗೆರೆಯನ್ನೂ ನಕಲು ಮಾಡಿಕೊಳ್ಳಬಹುದು. ಡೊಂಕಿನ ನಡುವೆ ಒಂದು, ಎರಡು ತುದಿಗೆ ಒಂದೊಂದು, ಹೊಲಿಗೆ ಗೆರೆಯ ಮೇಲೆ ಬಿಸಿ ಸೂಜಿಯಿಂದ ತೂತು ಮಾಡಿಟ್ಟರೆ ಬಟ್ಟೆ ಮೇಲೆ ಪೆನ್ಸಿಲ್ ಚುಕ್ಕೆ ಇಡಲು ಅನುಕೂಲ.

ಇನ್ನು ಅಳತೆಯ ಮಾತು. ಹೊಲಿಗೆ ಗೆರೆ ಎರಡರಲ್ಲೂ ಒಂದೇ, ಸುಮಾರು 6.28 ಇಂಚು. ಆದರೆ ಚೌಕದ ಹೊರಗೆ ಎಳೆದ ತುದಿಗಳನ್ನು ಬಿಟ್ಟು ಅಳೆದರೆ, ಕತ್ತರಿಸಿದ ಅಂಚು ಹೋಳಿನಲ್ಲಿ 6.68, ಚೌಕಟ್ಟಿನಲ್ಲಿ 5.89. ಮುಕ್ಕಾಲು ಇಂಚಿಗೂ ಜಾಸ್ತಿ ವ್ಯತ್ಯಾಸ! ತಮಾಷೆ ಅಂದ್ರೆ ಕಾಲುವೃತ್ತ ಎಷ್ಟೇ ದೊಡ್ಡದಿರಲಿ, ಸಣ್ಣದಿರಲಿ, ಈ ವ್ಯತ್ಯಾಸ ಅಷ್ಟೇ ಇರುತ್ತದೆ. 10 ಇಂಚಿನ ಡೊಂಕಿನಲ್ಲಿ ಅದು ಸುಮ್ನೆ ಕರಗಿಹೋಗುತ್ತದೆ, 2 ಇಂಚಿನದರಲ್ಲಿ ಕಣ್ಣೀರು ಹಾಕಿಸುತ್ತದೆ. ಬ್ಲೌಸಿನ ಅಭ್ಯಾಸದಲ್ಲಿ ಅರ್ಧ ಇಂಚು ಬಿಟ್ಟರೆ ವ್ಯತ್ಯಾಸ ಎರಡರಷ್ಟು. ಆಮೇಲೆ ಬಿಚ್ಚಿ ಸಡಿಲ ಮಾಡಲು ಕ್ವಿಲ್ಟ್ ಏನು ದಪ್ಪ ಆಗುತ್ತದಾ? ಕಾಲು ಇಂಚು ಸಾಕು.

ಹೊಲಿಯುವಾಗ ಚೌಕಟ್ಟು ಮೇಲೆ, ಹೋಳು ಕೆಳಗೆ. ಮೊದಲು ನಡುವಿನ ಚುಕ್ಕೆಗೆ ಗುಂಡುಸೂಜಿ, ಆಮೇಲೆ ಎರಡು ತುದಿಗೆ, ಆಮೇಲೆ ಮಧ್ಯೆ ಮಧ್ಯೆ. ತೆಳು ಕಾಟನ್ ಆದರೆ ಡೊಂಕಿನ ಅಂಚಿಗೆ ಸಣ್ಣ ಸಣ್ಣ ಕತ್ತರಿ ಗಾಯ ಹಾಕುವ ಗೋಜಿಗೆ ಹೋಗುವುದಿಲ್ಲ. ಹಾಕಲೇಬೇಕಾದರೆ ಚೌಕಟ್ಟಿಗೆ ಮಾತ್ರ, ಅರೆಕಾಲು ಇಂಚು ಮೀರದ ಹಾಗೆ. ಮಿಷನ್ನಿನ ಪಾದದ ಅಂಚನ್ನೇ ಕಾಲು ಇಂಚು ಅಂತ ನಂಬಬೇಡಿ. ಸೂಜಿಯಿಂದ ಅಳೆದು ತಟ್ಟೆಯ ಮೇಲೆ ಒಂದು ಟೇಪು ಅಂಟಿಸಿಕೊಳ್ಳಿ.

ಕೈವಾರಕ್ಕೆ ಸಿಗದ ಡೊಂಕುಗಳಿಗೆ, ಅಂದರೆ ಮಾವಿನಕಾಯಿ ಬುಟ್ಟಾದಂಥ ಆಕಾರಗಳಿಗೆ, ಒಂದು ಬಿಲ್ಲೆ ಮಾಡಿಕೊಂಡಿದ್ದೇನೆ. ಐಸ್‌ಕ್ರೀಮ್ ಡಬ್ಬಿಯ ಮುಚ್ಚಳದ ಮೇಲೆ ಕಾಲು ಇಂಚು ತ್ರಿಜ್ಯದ ವೃತ್ತ ಎಳೆದು ಕತ್ತರಿಸಿದ್ದು. ಕೈವಾರದ ಮುಳ್ಳು ಊರಿದ ಕಡೆಯೇ ನಡುತೂತು, ಬೇರೆ ಹುಡುಕಬೇಕಿಲ್ಲ. ಅದರಲ್ಲಿ ಸಣ್ಣ ಮೊನೆಯ ಪೆನ್ಸಿಲ್ ಇಟ್ಟು, ಹೊಲಿಗೆ ಅಳತೆಯ ರಟ್ಟಿನ ಅಚ್ಚಿನ ಸುತ್ತ ಉರುಳಿಸಿದರೆ ಗೆರೆ ತಾನಾಗಿ ಕಾಲು ಇಂಚು ದೂರದಲ್ಲಿ ಬೀಳುತ್ತದೆ, ಉಬ್ಬಿದರೂ ತಗ್ಗಿದರೂ. ರಟ್ಟು ತೆಳು ಇದ್ದರೆ ಬಿಲ್ಲೆ ಅದರ ಮೇಲೆ ಹತ್ತಿಬಿಡುತ್ತದೆ. ಮದುವೆ ಕಾರ್ಡು ಎರಡು ಪದರ ಅಂಟಿಸಿದರೆ ಸರಿಹೋಗುತ್ತದೆ. ಬಿಲ್ಲೆಗಿಂತ ಕಿರಿದಾದ ಸಂದಿಗೆ ಮಾತ್ರ ಅದು ಇಳಿಯುವುದಿಲ್ಲ. ಮಾವಿನಕಾಯಿಯ ಬಾಗಿದ ಮೂತಿಯ ಹತ್ತಿರ ಹಾಗಾಗುತ್ತದೆ. ಅಲ್ಲಿ ಈಗಲೂ ಅತ್ತೆಯ ಹಾಗೆ ಅಂಚು ಬೆರಳಲ್ಲೇ ಮಡಚಿ, ಕೈಯಲ್ಲೇ ಹೊಲಿಯುತ್ತೇನೆ.