ಕವಲುತೋಕೆ ಗುರುತಿಸಲು ಬಾಲ ಸಾಲದು, ರೆಕ್ಕೆ ನೋಡಿ

ಚಳಿಗಾಲದಲ್ಲಿ ಬೆಂಗಳೂರಿನ ಜಕ್ಕೂರು, ಹೆಬ್ಬಾಳ ಕೆರೆಗಳ ಮೇಲೆ ಹಾರುವ ಕವಲುತೋಕೆ (ಸ್ವಾಲೋ) ಹಕ್ಕಿಗಳ ಬಾಲವನ್ನೇ ನಂಬಿದರೆ ಮೋಸ ಹೋಗುತ್ತೀರಿ. ಉತ್ತರದಿಂದ ವಲಸೆ ಬರುವ ಸಾಮಾನ್ಯ ಕವಲುತೋಕೆ ಗರಿ ಬದಲಿಸುವುದೇ ಚಳಿಗಾಲದ ನೆಲೆಯಲ್ಲಿ. ಆಗ ಬಾಲದ ಉದ್ದನೆಯ ಎಳೆಗಳು ಉದುರಿರಬಹುದು. ಎಳೆಯ ಹಕ್ಕಿಗಳಿಗಂತೂ ಅವು ಗಿಡ್ಡವೇ.

ಮೊದಲು ಕವಲುತೋಕೆಯಂತೆಯೇ ಕಾಣುವ ಸ್ವಿಫ್ಟ್ ಹಕ್ಕಿಯನ್ನು ಬೇರ್ಪಡಿಸಿ. ಅದರ ರೆಕ್ಕೆ ಕುಡುಗೋಲಿನಂತೆ. ಮಣಿಕಟ್ಟು, ಅಂದರೆ ರೆಕ್ಕೆ ಬಾಗುವ ಗಂಟು, ಮೈಗೆ ತೀರ ಹತ್ತಿರವಿರುವುದರಿಂದ ಬಾಗು ಕಾಣುವುದೇ ಇಲ್ಲ. ಕವಲುತೋಕೆಯ ರೆಕ್ಕೆ ಬುಡದಲ್ಲಿ ಅಗಲ, ಬಾಗು ಸ್ಪಷ್ಟ. ಕರೆಂಟ್ ತಂತಿಯ ಮೇಲೆ ಕೂತಿದ್ದರೆ ಅದು ಸ್ವಿಫ್ಟ್ ಅಲ್ಲ.

ನಂತರ ರೆಕ್ಕೆಯ ಅಡಿಭಾಗ ನೋಡಿ. ಮುಂಭಾಗ ಅಚ್ಚ ಬಿಳಿ, ಹಿಂದಿನ ಹಾರುಗರಿಗಳು ಕಪ್ಪು, ನೆತ್ತಿ ಕೆಂಗಂದು, ಎದೆಯಲ್ಲಿ ಪಟ್ಟಿಯಿಲ್ಲ ಎಂದಾದರೆ ತಂತಿಬಾಲದ ಕವಲುತೋಕೆ. ಅದರ ತಂತಿಗಳೂ ಮುರಿಯುತ್ತವೆ, ಆದರೆ ಈ ಕಪ್ಪು-ಬಿಳುಪು ಕೈಕೊಡುವುದಿಲ್ಲ. ಕೆಂಪು ಗಂಟಲಿನ ಕೆಳಗೆ ಕಡುನೀಲಿ ಪಟ್ಟಿಯಿದ್ದರೆ ಸಾಮಾನ್ಯ ಕವಲುತೋಕೆ. ಮೈಯೆಲ್ಲ ಮಸಿಬಣ್ಣ, ಬಾಲ ಚೌಕವಿದ್ದರೆ ಅದು ಕವಲುತೋಕೆಯ ಬಳಗದ್ದೇ ಆದ ಮಾರ್ಟಿನ್. ಬಿಸಿಲಿಗೆ ಎದುರಾಗಿ ನಿಂತರೆ ಎಲ್ಲವೂ ಕಪ್ಪಾಗಿಯೇ ಕಾಣುತ್ತವೆ. ಬೆಳಿಗ್ಗೆ ಸೂರ್ಯನನ್ನು ಬೆನ್ನಿಗಿಟ್ಟುಕೊಂಡು, 8x42 (8 ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್‌ನಲ್ಲಿ ನೋಡಿ.

ಹಕ್ಕಿ ಗರಿ ಬದಲಿಸುತ್ತಿದೆಯೇ ಎಂದು ತಿಳಿಯಲು ರೆಕ್ಕೆಯ ಗರಿ ಎಣಿಸಬೇಕು, ಅದು ಫೋಟೋದಲ್ಲೇ ಸಾಧ್ಯ. ಶಟರ್ ವೇಗ 1/2500 ಸೆಕೆಂಡ್ ಇಡಿ, ಆಕಾಶ ಹಿನ್ನೆಲೆಯಾದರೆ ಎಕ್ಸ್‌ಪೋಷರ್ +1 ಮಾಡಿ, ರೆಕ್ಕೆ ಪೂರ್ತಿ ಚಾಚಿದ ಚೌಕಟ್ಟನ್ನು ಆರಿಸಿ. ತುದಿಯಿಂದ ಒಳಕ್ಕೆ 9 ಉದ್ದ ಗರಿಗಳು ಸಿಗಬೇಕು. 10ನೆಯದು ತೀರ ಚಿಕ್ಕದು, ಕಾಣುವುದಿಲ್ಲ. ನಡುವೆ ಸಂದು ಕಂಡರೆ ಇನ್ನೊಂದು ರೆಕ್ಕೆಯನ್ನೂ ನೋಡಿ. ಎರಡರಲ್ಲೂ ಒಂದೇ ಜಾಗದಲ್ಲಿ ಸಂದಿದ್ದರೆ ಗರಿ ಬದಲಾವಣೆ ನಡೆದಿದೆ. ಅದು ಒಳಗಿನ ಗರಿಯಿಂದ ತುದಿಯ ಕಡೆಗೆ ಸಾಗುತ್ತದೆ. ಒಂದೇ ಕಡೆ ಇದ್ದರೆ ಪೆಟ್ಟಿನಿಂದಲೋ ಜಗಳದಿಂದಲೋ ಗರಿ ಹೋಗಿರಬಹುದು. ಸಂದು ಎಷ್ಟನೆಯ ಗರಿಯಲ್ಲಿದೆ ಎಂಬುದನ್ನು ದಿನಾಂಕದೊಂದಿಗೆ ಬರೆದಿಡಿ. ಸುಂದರ ಫೋಟೋಗಿಂತ ಈ ಟಿಪ್ಪಣಿಗೇ ಬೆಲೆ ಹೆಚ್ಚು.

ಅಮೆರಿಕದ ಒರಟುರೆಕ್ಕೆಯ ಕವಲುತೋಕೆಯಲ್ಲಿ ಗಂಡಿನ ಹೊರತುದಿಯ ಗರಿಯ ಅಂಚಿಗೆ ಸಣ್ಣ ಕೊಕ್ಕೆಗಳಿವೆ, ಬೆರಳಾಡಿಸಿದರೆ ಅರದಂತೆ ತಾಗುತ್ತವೆ. ನಮ್ಮ ಕೆರೆಗಳ ಹಕ್ಕಿಗಳಲ್ಲಿ ಅದನ್ನು ಹುಡುಕಬೇಡಿ. ದಡದಲ್ಲಿ ಗರಿ ಸಿಕ್ಕರೆ ಪಕ್ಕದಲ್ಲೊಂದು ಸ್ಕೇಲ್ ಇಟ್ಟು ಎರಡೂ ಬದಿಯ ಫೋಟೋ ತೆಗೆದು ಅಲ್ಲೇ ಬಿಟ್ಟುಬನ್ನಿ.