ಕಾರ್ಡಿನ ಮೇಲೆ ಹೊಲಿಗೆ: ಮೊದಲು ತೂತು, ಆಮೇಲೆ ದಾರ

ಶುಭಾಶಯ ಪತ್ರಗಳನ್ನು ಕೈಹೊಲಿಗೆಯಿಂದ ಅಲಂಕರಿಸುವವರು ಮುಖ್ಯವಾಗಿ ಗಮನದಲ್ಲಿಡಬೇಕಾದ ಸಂಗತಿಯೆಂದರೆ, ಬಟ್ಟೆಯಲ್ಲಿ ತಪ್ಪಿ ಚುಚ್ಚಿದ ತೂತು ಎಳೆಗಳು ಸರಿದು ಮುಚ್ಚಿಕೊಳ್ಳುತ್ತದೆ, ಆದರೆ ಕಾಗದದಲ್ಲಿ ಅದು ಹಾಗೆಯೇ ಉಳಿದುಬಿಡುತ್ತದೆ. ಆದ್ದರಿಂದ ವಿನ್ಯಾಸವನ್ನು ತೆಳು ಹಾಳೆಯ ಮೇಲೆ ಬರೆದು, ಅದನ್ನು ಕಾರ್ಡಿಗೆ ಕ್ಲಿಪ್ಪಿನಿಂದ ಬಿಗಿದು, ಕೆಳಗೆ ದಪ್ಪ ಫೋಮ್ ಹಾಸಿ, ಎಲ್ಲ ತೂತುಗಳನ್ನೂ ಗುಂಡುಪಿನ್ನಿನಿಂದ ಮೊದಲೇ ನೆಟ್ಟಗೆ ಚುಚ್ಚಿಕೊಳ್ಳಿ. ತೂತುಗಳ ನಡುವೆ 3ರಿಂದ 5 ಮಿ.ಮೀ. ಅಂತರವಿರಲಿ, ಅದಕ್ಕಿಂತ ಹತ್ತಿರವಾದರೆ ಕಾಗದವು ಅಂಚೆಚೀಟಿಯ ಹಾಳೆಯಂತೆ ಆ ಗೆರೆಯುದ್ದಕ್ಕೂ ಹರಿದುಬರುತ್ತದೆ. 220ರಿಂದ 300 ಜಿ.ಎಸ್.ಎಂ. (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಇರುವ ಕಾಗದ ಈ ಕೆಲಸಕ್ಕೆ ಹೊಂದುತ್ತದೆ.

ಆರೆಳೆಯ ಕಸೂತಿ ದಾರದಿಂದ ಎರಡೆಳೆಯನ್ನು ಮಾತ್ರ ಬಿಡಿಸಿಕೊಳ್ಳಿ. ಗಂಟು ಹಾಕಬೇಡಿ, ಏಕೆಂದರೆ ಕಾರ್ಡನ್ನು ಒತ್ತಿದಾಗ ಗಂಟು ಮುಂಭಾಗದಲ್ಲಿ ಉಬ್ಬಾಗಿ ಕಾಣುತ್ತದೆ. ದಾರದ ತುದಿಯನ್ನು ಹಿಂಬದಿಯಲ್ಲಿ ಸಣ್ಣ ಟೇಪಿನಿಂದ ಅಂಟಿಸಿದರೆ ಸಾಕು.

ಮೊದಲ ಪ್ರಯತ್ನಕ್ಕೆ ಒಂದು ಎಲೆ ಸಾಕೆಂಬುದು ನನ್ನ ಅಭಿಪ್ರಾಯ. ಎಲೆಯ ಅಂಚಿಗೆ ಹಿಮ್ಮುಖ ಹೊಲಿಗೆ ಹಾಕುವಾಗ ಸೂಜಿಯನ್ನು ಒಂದು ತೂತು ಮುಂದೆ ಮೇಲಕ್ಕೆ ತಂದು, ಹಿಂದಿನ ತೂತಿನಲ್ಲಿ ಕೆಳಗಿಳಿಸಬೇಕು. ಹೀಗೆ ಮಾಡಿದರೆ ಗೆರೆ ಎಲ್ಲಿಯೂ ಕಡಿಯದೆ ಸಾಗುತ್ತದೆ. ದಾರವನ್ನು ಓರೆಯಾಗಿ ಜಗ್ಗದೆ ಕಾಗದಕ್ಕೆ ಲಂಬವಾಗಿ, ನಿಧಾನವಾಗಿ ಎಳೆಯಿರಿ, ಏಕೆಂದರೆ ತೂತುಗಳು ಸೀಳುವುದು ಬಹುಮಟ್ಟಿಗೆ ಆ ಒಂದು ಅವಸರದ ಎಳೆತದಿಂದಲೇ. (ತೊಟ್ಟಿನ ಬಳಿ ತೂತುಗಳು ಒತ್ತೊತ್ತಾಗಿ ಬೀಳುವುದರಿಂದ ಅಲ್ಲಿ ಇನ್ನಷ್ಟು ಎಚ್ಚರ ಬೇಕು.)

ಹೊಲಿಗೆ ಮುಗಿದ ಮೇಲೆ ಹಿಂಬದಿಯ ದಾರಗಳು ಕಾಣದಂತೆ, ಕಾರ್ಡಿಗಿಂತ ತುಸು ಚಿಕ್ಕದಾದ ಹಾಳೆಯೊಂದನ್ನು ಒಳಗೆ ಅಂಟಿಸಿ. ನೀರಾದ ಅಂಟು ಕಾಗದವನ್ನು ಸುಕ್ಕಾಗಿಸುವುದರಿಂದ, ಎರಡೂ ಬದಿ ಅಂಟುವ ಟೇಪನ್ನೇ ಬಳಸಿ.