ಬದನೆ ಎಣ್ಣೆ ಕುಡಿಯದ ಹಾಗೆ ಕಾವಲಿಯಲ್ಲಿ ಫ್ರೈ ಮಾಡಿದ್ದು

ನಮ್ಮ ಊರು ಉಡುಪಿ ಹತ್ತಿರದ ಕಟಪಾಡಿ ಕಡೆ. ಗುಳ್ಳ ಎಂಬ ಬದನೆ ಬೆಳೆಯುವ ಮಟ್ಟು ಎಂಬ ಊರು ಅಲ್ಲಿಂದ ದೂರವೇನಿಲ್ಲ. ತಿಳಿ ಹಸಿರು ಬಣ್ಣದ ಗುಂಡಗಿನ ಕಾಯಿ, ಮೈಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು. ಸೋದೆ ಮಠದ ವಾದಿರಾಜರು ಅದರ ಬೀಜ ಕೊಟ್ಟರು ಎಂಬ ಕತೆ ಕೇಳಿಕೊಂಡೇ ನಾವು ಬೆಳೆದೆವು. 2011ರಲ್ಲಿ ಅದಕ್ಕೆ ಜಿಐ, ಅಂದರೆ ಆ ಊರಿನದೇ ಬೆಳೆ ಎಂಬ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಗುಳ್ಳ ಅಂದರೆ ಎಲ್ಲರಿಗೂ ಸಾಂಬಾರು ನೆನಪಾಗುತ್ತದೆ. ನನಗೆ ನೆನಪಾಗುವುದು ಸೋಮವಾರದ ಫ್ರೈ. ಆ ದಿನ ಮನೆಯಲ್ಲಿ ಮೀನಿಲ್ಲ. ಮೀನಿಗೆ ಹಚ್ಚುವಂಥದ್ದೇ ಮಸಾಲೆಯನ್ನು ಅಮ್ಮ ಗುಳ್ಳಕ್ಕೆ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕುತ್ತಿದ್ದರು.

ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಅದನ್ನೇ ಮಾಡಲು ಹೋದೆ. ಹೋಳು ಕಾವಲಿಗೆ ಹಾಕಿದ ಒಂದೇ ನಿಮಿಷಕ್ಕೆ ಎಣ್ಣೆಯೆಲ್ಲ ಮಾಯ. ಒಣಗಿತಲ್ಲ ಅಂತ ಮತ್ತೆ ಹಾಕಿದೆ. ಅದೂ ಮಾಯ. ಕೊನೆಗೆ ತಟ್ಟೆಗೆ ಬಂದಾಗ ಒಂದೊಂದು ಹೋಳೂ ಹಿಂಡಿದರೆ ಎಣ್ಣೆ ಸುರಿಯುವ ಹಾಗಿತ್ತು, ನಡುವೆ ಮಾತ್ರ ಹಸಿ. ಅಮ್ಮನಿಗೆ ಫೋನ್ ಮಾಡಿದೆ. "ಬದನೆ ನೀನು ಎಷ್ಟು ಹಾಕಿದ್ರೂ ಕುಡೀತದೆ. ಮತ್ತೆ ಹಾಕ್ಲಿಕ್ಕೆ ಹೋಗ್ಬೇಡ. ಸ್ವಲ್ಪ ತಡಿ ಮಾರಾಯ್ತಿ, ಬೆಂದ ಮೇಲೆ ಅದೇ ಬಿಡ್ತದೆ" ಅಂದರು. ಆಮೇಲೆ ಕೇಳಿದರು, "ಉಪ್ಪು ಹಚ್ಚಿ ಇಟ್ಟಿದ್ಯಾ?" ನಾನು ಇಟ್ಟಿರಲಿಲ್ಲ.

ಇಡೀ ಕೆಲಸದ ಗುಟ್ಟು ಆ ಉಪ್ಪಿನಲ್ಲಿದೆ. ಬದನೆಯ ತಿರುಳು ಸ್ಪಂಜಿನ ಹಾಗೆ, ಒಳಗೆಲ್ಲ ಸಣ್ಣ ಸಣ್ಣ ಗಾಳಿಯ ಜಾಗ. ಎಣ್ಣೆ ಹೋಗಿ ಕೂರುವುದು ಅಲ್ಲೇ. ಉಪ್ಪು ಹಚ್ಚಿದರೆ ತಿರುಳು ನೀರು ಬಿಟ್ಟು ಕುಸಿಯುತ್ತದೆ, ಆ ಜಾಗ ಮುಚ್ಚುತ್ತದೆ. ಕಹಿ ತೆಗೆಯಲು ಉಪ್ಪು ಹಚ್ಚುವುದು ಅಂತ ತುಂಬಾ ಜನ ಹೇಳುತ್ತಾರೆ. ಎಳೆ ಕಾಯಿಯಲ್ಲಿ ಕಹಿ ಅಷ್ಟಾಗಿ ಇರುವುದೇ ಇಲ್ಲ. ನಾನು ಹಚ್ಚುವುದು ನೀರು ಬಿಡಲಿ ಅಂತ.

ಬೆಂಗಳೂರಿನಲ್ಲಿ ಗುಳ್ಳ ಎಲ್ಲ ಕಾಲಕ್ಕೂ ಸಿಗುವುದಿಲ್ಲ. ಮಂಗಳೂರು ಸಾಮಾನು ಮಾರುವ ಅಂಗಡಿಗೆ ಬಂದಾಗ ಬಿಡುವುದಿಲ್ಲ. ಉಳಿದಂತೆ ದಪ್ಪ ನೇರಳೆ ಬದನೆ ತರುತ್ತೇನೆ. ಒಂದೇ ಗಾತ್ರದ ಎರಡು ಕಾಯಿಯನ್ನು ಎರಡು ಕೈಯಲ್ಲಿ ಹಿಡಿದು ನೋಡಿ, ಹಗುರ ಇರುವುದನ್ನು ಆರಿಸುತ್ತೇನೆ. ಅದರಲ್ಲಿ ಬೀಜ ಕಮ್ಮಿ. ಸಿಪ್ಪೆ ಹೊಳೆಯುತ್ತಿರಬೇಕು, ತೊಟ್ಟು ಹಸಿರಾಗಿರಬೇಕು. ಹುಳು ಕೊರೆದ ತೂತು ಇದೆಯಾ ಅಂತ ತಿರುಗಿಸಿ ನೋಡಲೇಬೇಕು.

ಬಿಲ್ಲೆಯ ದಪ್ಪ ಸುಮಾರು ಒಂದು ಸೆಂಟಿಮೀಟರ್. ತೆಳು ಮಾಡಿದರೆ ನಡುವೆ ಮೆತ್ತಗೆ ಏನೂ ಉಳಿಯುವುದಿಲ್ಲ, ದಪ್ಪ ಮಾಡಿದರೆ ಒಳಗೆ ಬೇಯುವಷ್ಟರಲ್ಲಿ ರವೆ ಕರಿ. ಗುಳ್ಳ ಬೇಗ ಬೇಯುತ್ತದೆ, ಹಾಗಾಗಿ ಅದನ್ನು ಮಾತ್ರ ಸ್ವಲ್ಪ ದಪ್ಪಗೆ ಹೆಚ್ಚುತ್ತೇನೆ. ಸುಮಾರು 300 ಗ್ರಾಂ ಕಾಯಿಗೆ ಒಂದು ಟೀ ಚಮಚ ಉಪ್ಪು, ಎರಡೂ ಬದಿಗೆ ಹಚ್ಚಿ, ಜಾಲರಿ ತಟ್ಟೆಯಲ್ಲಿ ಅರ್ಧ ಗಂಟೆ. ಕೆಳಗೆ ನೀರು ನಿಲ್ಲುತ್ತದೆ. ಬಿಲ್ಲೆಗಳನ್ನು ಒಮ್ಮೆ ತೊಳೆದು, ಅಂಗೈಯಿಂದ ಮೆಲ್ಲಗೆ ಒತ್ತಿ, ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸುತ್ತೇನೆ. ಒದ್ದೆ ಉಳಿದರೆ ರವೆ ಮುದ್ದೆಯಾಗಿ ಕಳಚಿಕೊಳ್ಳುತ್ತದೆ.

ಮಸಾಲೆಗೆ ಎರಡು ಟೀ ಚಮಚ ಬ್ಯಾಡಗಿ ಮೆಣಸಿನ ಪುಡಿ, ಚಿಟಿಕೆ ಅರಿಶಿನ, ಇಂಗು, ಗಟ್ಟಿ ಹುಣಸೆ ರಸ. ಉಪ್ಪು ಬೇಡ. ಮೊದಲ ಸಲ ಅಭ್ಯಾಸಬಲದಿಂದ ಇದಕ್ಕೂ ಉಪ್ಪು ಹಾಕಿ, ಬಾಯಿಗೆ ಇಡಲಾಗದೆ ಎಲ್ಲ ಎಸೆದಿದ್ದೆ. ಮಸಾಲೆ ತೆಳುವಾಗಿ ಸವರಿದರೆ ಸಾಕು. ಹೊರಳಿಸಲು ಮೂರು ಪಾಲು ಸಣ್ಣ ರವೆಗೆ ಒಂದು ಪಾಲು ಅಕ್ಕಿ ಹಿಟ್ಟು. ಬರೀ ರವೆಯೂ ಆಗುತ್ತದೆ, ಆದರೆ ಅಕ್ಕಿ ಹಿಟ್ಟು ಸೇರಿದರೆ ಗರಿ ಜಾಸ್ತಿ ಹೊತ್ತು ಉಳಿಯುತ್ತದೆ.

ನನ್ನದು ಬೀಡಿನ ಕಾವಲಿ. ನಾನ್‌ಸ್ಟಿಕ್‌ನಲ್ಲೂ ಮಾಡಿ ನೋಡಿದ್ದೇನೆ, ಆದರೆ ಬೀಡಿನ ಕಾವಲಿ ಕೊಡುವ ಬಣ್ಣ ಅದರಲ್ಲಿ ಬರಲಿಲ್ಲ. ಕಾವಲಿ ಚೆನ್ನಾಗಿ ಕಾದ ಮೇಲೆ ಎರಡು ಚಮಚ ತೆಂಗಿನೆಣ್ಣೆ. ಬಿಲ್ಲೆ ಇಟ್ಟಾಗ ಚುರ್ ಅನ್ನಬೇಕು. ಸದ್ದು ಬರದಿದ್ದರೆ ತೆಗೆದುಬಿಡಿ, ಇನ್ನೂ ಕಾದಿಲ್ಲ. ಇಟ್ಟ ಮೇಲೆ ಉರಿ ಮಧ್ಯಮಕ್ಕೆ ಇಳಿಸಿ ನಾಲ್ಕೈದು ನಿಮಿಷ ಮುಟ್ಟುವುದಿಲ್ಲ. ನನಗೆ ಕಷ್ಟವಾಗಿದ್ದು ಇದೇ. ಸುಮ್ನೆ ನಿಂತಿರಲು ಆಗುವುದಿಲ್ಲ, ಕೈ ಸಟ್ಟುಗದ ಕಡೆಗೇ ಹೋಗುತ್ತದೆ. ಬೇಗ ಎಬ್ಬಿಸಿದರೆ ರವೆ ಕಾವಲಿಗೇ ಅಂಟಿ ಉಳಿಯುತ್ತದೆ. ಕೆಂಪಾದ ಮೇಲೆ ತಾನಾಗಿ ಬಿಡುತ್ತದೆ.

ಮೊದಲು ಬೇಗ ಬೇಯಲಿ ಅಂತ ಮುಚ್ಚಳ ಹಾಕುತ್ತಿದ್ದೆ. ಬೇಗ ಬೆಂದಿತು ನಿಜ, ಆದರೆ ಹಬೆಯ ನೀರು ಬಿದ್ದು ಮೇಲಿನ ಗರಿಯೆಲ್ಲ ಹೋಯಿತು. ಈಗ ಮುಚ್ಚುವುದೇ ಇಲ್ಲ. ತಿರುಗಿಸಿ, ಅಂಚಿನಲ್ಲಿ ಒಂದು ಚಮಚ ಎಣ್ಣೆ ಬಿಟ್ಟು, ಇನ್ನೊಂದು ನಾಲ್ಕು ನಿಮಿಷ. ಈ ಹೊತ್ತಿಗೆ ಬಿಲ್ಲೆಯ ಸುತ್ತ ಎಣ್ಣೆಯ ಸಣ್ಣ ಗುಳ್ಳೆ ಕಾಣಿಸುತ್ತದೆ. ಅಮ್ಮ ಹೇಳಿದ್ದು ಇದನ್ನೇ ಅಲ್ವಾ! ತಿರುಳು ಬೆಂದು ಕುಸಿಯುವಾಗ ಕುಡಿದ ಎಣ್ಣೆಯನ್ನು ವಾಪಸ್ ಬಿಡುತ್ತದೆ. ನಡುವೆ ಚಾಕುವಿನ ತುದಿ ಸಲೀಸಾಗಿ ಇಳಿದರೆ ಆಯಿತು. ಮುಂದಿನ ಸುತ್ತಿಗೆ ಮೊದಲು ಉದುರಿದ ರವೆಯನ್ನು ಬಟ್ಟೆಯಿಂದ ಒರೆಸಿ ತೆಗೆಯುತ್ತೇನೆ. ಬಿಟ್ಟರೆ ಅದು ಸೀದು ಎಲ್ಲದಕ್ಕೂ ಕಹಿ ಹತ್ತುತ್ತದೆ.

ಕುಚ್ಚಲಕ್ಕಿ ಗಂಜಿ ಇದ್ದರೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ. ಅನ್ನ ತೊವ್ವೆಗೂ ಆಗುತ್ತದೆ. ಬಿಸಿ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಹರಡಿ ಇಡಿ. ರಾತ್ರಿಗೆ ಉಳಿದರೆ ಒಣ ಕಾವಲಿಯ ಮೇಲೆ ಎಣ್ಣೆ ಹಾಕದೆ ಎರಡೆರಡು ನಿಮಿಷ ಇಡುತ್ತೇನೆ, ಗರಿ ಮುಕ್ಕಾಲು ಪಾಲು ವಾಪಸ್ ಬರುತ್ತದೆ.